ಸಾಲು ಕೊಡುವವಳು

ತಕ್ಕಡಿಯವನು ಅವಳನ್ನು ಮೊದಲ ಸಲ ಕಂಡಾಗ ಅವಳು ಬಟ್ಟೆಯ ಗಂಟೊಂದರ ಮೇಲೆ ಕುಳಿತಿದ್ದಳು. ಹತ್ತೊಂಬತ್ತು ವರ್ಷದ ಹಿಂದಿನ ಮಾತು. ಭಾನುವಾರ, ಮಧ್ಯಾಹ್ನ ಮೂರರ ಹೊತ್ತು. ಹಳೆಯ ಐಸ್ ಕಾರ್ಖಾನೆಯ ಗೋದಾಮಿನಲ್ಲಿ ನಾಟಕದ ತಾಲೀಮು ನಡೆದಿತ್ತು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಗೋಡೆಗಳು ಒಣಗಿರಲಿಲ್ಲ. ಬೇಸಿಗೆಯಲ್ಲೂ ಕೈಯಿಟ್ಟರೆ ತಣ್ಣಗೆ ತೇವ ತಾಗುತ್ತಿತ್ತು. ಅವನು ವೇದಿಕೆಯ ಕೆಳಗೆ, ಎಡಗಡೆಯ ಮೂಲೆಯಲ್ಲಿ, ಕಾಲಲ್ಲಿ ಒತ್ತುವ ಹಾರ್ಮೋನಿಯಂ ಮುಂದೆ ಕುಳಿತಿದ್ದ. ಅವಳು ಬಾಗಿಲ ಪಕ್ಕದಲ್ಲಿದ್ದಳು. ಆಸ್ಪತ್ರೆಯ ಕೆಲಸದವರು ಹಾಕುವ ಮಾಸಿದ ಹಸಿರು ಕೋಟು, ಬಲಗೈ ಹೆಬ್ಬೆರಳಿಗೆ ನೀಲಿ ಶಾಯಿಯ ಕಲೆ, ಕಾಲಲ್ಲಿ ರಬ್ಬರ್ ಚಪ್ಪಲಿ. ಒಂದು ಚಪ್ಪಲಿಯ ಪಟ್ಟಿ ಕಿತ್ತು, ಅದಕ್ಕೆ ಸೇಫ್ಟಿ ಪಿನ್ನು ಚುಚ್ಚಿತ್ತು. ಮಡಿಲಲ್ಲಿ ಒಂದು ರಸೀದಿ ಪುಸ್ತಕ.

ಅವಳು ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯ ಕೆಲಸದವಳು. ಬಳಕೆಗೆ ಬಾರದ ಹಳೆಯ ಹಾಸಿಗೆ ಬಟ್ಟೆಗಳನ್ನು ಪರದೆ ಬರೆಯಲು ಕೊಡಿ ಎಂದು ತಂಡದ ಹಿರಿಯರಾದ ಡ್ರಾಯಿಂಗ್ ಮೇಷ್ಟ್ರು ಆಸ್ಪತ್ರೆಗೆ ಅರ್ಜಿ ಹಾಕಿದ್ದರು. ಅವಳು ಗಂಟು ತಂದು, ಸಹಿ ಹಾಕಿಸಿಕೊಂಡು ಹೋಗಬೇಕಿತ್ತು. ಮೇಷ್ಟ್ರು ತಾಲೀಮಿನ ಮಧ್ಯೆ ಐದು ನಿಮಿಷ ಕೂತ್ಕೊಳ್ಳಿ ಅಂದವರು ಅವಳು ಬಂದದ್ದನ್ನೇ ಮರೆತಿದ್ದರು.

ವೇದಿಕೆಯ ಮೇಲೆ ನ್ಯಾಯಾಧೀಶನ ಪಾತ್ರದ ಬೇಕರಿಯವನು ಒಂದೇ ಸಾಲಿನಲ್ಲಿ ಮೂರು ಸಲ ಮುಗ್ಗರಿಸಿದ್ದ. ನಸುಕಿನಲ್ಲೇ ಎದ್ದು ಹಿಟ್ಟು ನಾದುವವನಿಗೆ ಮಧ್ಯಾಹ್ನ ತಲೆ ನಿಲ್ಲುತ್ತಿರಲಿಲ್ಲ. ನಾಲ್ಕನೆಯ ಸಲವೂ ಆ ಜಾಗಕ್ಕೆ ಬಂದು, ಕೆರೆಗೆ ಬಂದ ಎಮ್ಮೆಯ ಹಾಗೆ ನಿಂತುಬಿಟ್ಟ. ಆಗ ಎಲ್ಲಿಂದಲೋ ಆ ಸಾಲು ಬಂತು. ಕೂಗಿದ್ದಲ್ಲ, ಹೇಳಿದ್ದೂ ಅಲ್ಲ. ಬರಿಯ ಉಸಿರಿನಲ್ಲಿ ಮಾಡಿದ ಸಾಲು. ಬೇಕರಿಯವನು ಅದನ್ನು ಹಿಡಿದು ಗಡಗಡ ಹೇಳಿ ಮುಗಿಸಿದ. ಯಾರು ಹೇಳಿಕೊಟ್ಟಿದ್ದು ಎಂದು ಮೇಷ್ಟ್ರು ಸುತ್ತ ನೋಡಿದರು. ಯಾರಿಗೂ ಗೊತ್ತಿರಲಿಲ್ಲ. ಅವಳ ತುಟಿ ಅಲ್ಲಾಡಿದ್ದನ್ನು ನೋಡಿದ್ದವನು ತಕ್ಕಡಿಯವನೊಬ್ಬನೇ. ಅವನು ಗದ್ದ ಎತ್ತಿ ಬಾಗಿಲ ಕಡೆ ತೋರಿಸಿದ.

ಅವಳು ಗಾಬರಿಯಿಂದ ಎದ್ದು ನಿಂತಳು. "ತಪ್ಪಾಯ್ತು ಸರ್. ಮೂರು ಸಲ ಕೇಳಿದ್ನಲ್ಲ, ಬಾಯಿಗೆ ಬಂದ್ಬಿಡ್ತು. ಸಹಿ ಹಾಕಿದ್ರೆ ಹೋಗ್ತೀನಿ."

ಮೇಷ್ಟ್ರು ಸಹಿ ಹಾಕಲಿಲ್ಲ. ನಾಟಕದ ನೋಟ್ ಪುಸ್ತಕವನ್ನು ಅವಳ ಕೈಗೆ ಕೊಟ್ಟು, ಎಡಗಡೆಯ ಪರದೆಯ ಮರೆಗೆ ನಿಲ್ಲಿಸಿದರು. ಅಂದು ನಿಂತವಳು ಹದಿನೆಂಟು ವರ್ಷ ಅಲ್ಲಿಂದ ಕದಲಲಿಲ್ಲ. ಸಹಿಯಿಲ್ಲದ ರಸೀದಿಗೆ ಸೋಮವಾರ ಆಸ್ಪತ್ರೆಯಲ್ಲಿ ಬೈಗುಳ ತಿಂದಳು. ಅವಳು ತಂದ ಬಟ್ಟೆಗಳ ಮೇಲೆ ಮೇಷ್ಟ್ರು ಆಕಾಶ ಬರೆದರು. ಎಷ್ಟು ಬಣ್ಣ ಬಳಿದರೂ ಚಂದ್ರನ ಪಕ್ಕದ 'ಆಸ್ಪತ್ರೆಯ ಸ್ವತ್ತು' ಎಂಬ ಮೊಹರು ಅಳಿಯಲಿಲ್ಲ. ಚಂದ್ರನಿಗೆ ಹುಷಾರಿಲ್ಲ, ವಾರ್ಡಿಗೆ ಸೇರಿಸಿದ್ದಾರೆ ಎಂದು ತಂಡದವರು ವರ್ಷಗಟ್ಟಲೆ ನಗಾಡಿದರು.

ಪಿಸುದನಿಯಲ್ಲಿ ಸಾಲು ಕೊಡುವ ಅಕ್ಕ ಅಂತ ಅವಳಿಗೆ ಪಿಸಕ್ಕ ಎಂಬ ಹೆಸರು ಬಿತ್ತು. ಅವಳ ನಿಜವಾದ ಹೆಸರು ಆಮೇಲೆ ಸೇರಿದವರಿಗೆ ಗೊತ್ತೇ ಇರಲಿಲ್ಲ. ತಕ್ಕಡಿಯವನ ಹೆಸರೂ ಅಷ್ಟೆ. ಅವನಿಗೆ ಮಾರುಕಟ್ಟೆಯ ಹಿಂದಿನ ಓಣಿಯಲ್ಲಿ ತೂಕದ ಯಂತ್ರ ರಿಪೇರಿಯ ಅಂಗಡಿ. ಎಂಟು ಹೆಜ್ಜೆ ಉದ್ದದ ಆ ಅಂಗಡಿಯಲ್ಲಿ ಸ್ಪ್ರಿಂಗು, ಮುಳ್ಳು, ಬಟ್ಟಲು, ಚಿಕ್ಕ ದೊಡ್ಡ ತೂಕದ ಬಟ್ಟುಗಳು. ಮೂಲೆಯಲ್ಲಿ ಮೂಟೆ ತೂಗುವ ದೊಡ್ಡ ಯಂತ್ರ. ಮನೆ ಅಂಗಡಿಯ ಹಿಂದೆಯೇ. ಮನೆಯಲ್ಲಿ ಅವನ ಅಕ್ಕ ಮಾತ್ರ. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದವಳು, ತಮ್ಮನಿಗೆ ಮದುವೆ ಮಾಡಿಸುತ್ತೇನೆಂದು ಹೊರಟು ಸೋತು, ಕೊನೆಗೆ ಬೈಯುವುದರಲ್ಲೇ ಸಮಾಧಾನ ಕಂಡವಳು.

ಆ ತಂಡದ ರೀತಿಯೇ ಬೇರೆ. ಬೇರೆ ಕಡೆ ಸಾಲು ಮರೆತಾಗ ಮಾತ್ರ ನೆನಪಿಸುತ್ತಾರೆ. ಇಲ್ಲಿ ಎಲ್ಲರೂ ಹಗಲೆಲ್ಲ ದುಡಿಯುವವರು: ಬೇಕರಿಯವನು, ಅಂಚೆ ಕಚೇರಿಯವಳು, ಬಸ್ ಕಂಡಕ್ಟರು, ನೀರಿನ ಮೀಟರ್ ಓದುವವನು. ಯಾರಿಗೂ ಬಾಯಿಪಾಠ ಮಾಡುವ ಹೊತ್ತಿಲ್ಲ. ಹಾಗಾಗಿ ಪ್ರತಿ ಮಾತನ್ನೂ, ಹಾಡಿನ ಪ್ರತಿ ಸಾಲನ್ನೂ ಪಿಸಕ್ಕ ಮೊದಲು ಕೊಡಬೇಕು. ಅವಳು ಕೊಟ್ಟ ಮೇಲೆ ಅವರು ಆಡಬೇಕು. ಅವಳ ದನಿ ವೇದಿಕೆ ದಾಟುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಕಿವಿ ನಿಮಿರಿಸಿ ಕೂತವರಿಗೂ ಕೇಳುತ್ತಿರಲಿಲ್ಲ. ಸಾಲು ಕೊಟ್ಟು ಬಾಯಿ ಮುಚ್ಚಿ, ಆಡುವವರು ಹಿಡಿದುಕೊಂಡರೋ ಇಲ್ಲವೋ ಎಂದು ತಲೆಯೆತ್ತಿ ನೋಡುತ್ತಿದ್ದಳು. ವೇದಿಕೆಯ ಕೆಳಗಿನ ಮೂಲೆಯಲ್ಲಿದ್ದ ತಕ್ಕಡಿಯವನಿಗೂ ಅದು ಕೇಳುತ್ತಿತ್ತು. ಅವಳ ಪಿಸುಮಾತು ಕಿವಿಗೆ ಬಿದ್ದರೆ ಅವನ ಬೆರಳು ತಾನಾಗಿ ಮುಂದಿನ ಸ್ವರಕ್ಕೆ ಹೋಗುತ್ತಿತ್ತು. ಹದಿನೆಂಟು ವರ್ಷ ಅವನು ತಾಳ ಎಣಿಸಿದವನಲ್ಲ. ಮುಂದಿನ ಎತ್ತಿನ ಹಿಂದೆ ಹಿಂದಿನ ಎತ್ತು ನಡೆಯುವ ಹಾಗೆ ಅವಳ ಉಸಿರಿನ ಹಿಂದೆ ನಡೆದವನು.

ಪಿಸಕ್ಕನ ಗಂಡ ಲೇತ್ ಕೆಲಸದವನು. ಹಗಲೆಲ್ಲ ಕಬ್ಬಿಣ ಕೊರೆಯುವ ಸದ್ದಿನಲ್ಲಿದ್ದು ಬರುವವನಿಗೆ ಮನೆಯಲ್ಲಿ ಮಾತು ಬೇಡ. ಮಕ್ಕಳಿರಲಿಲ್ಲ. ಅವನು ಕೆಟ್ಟವನಲ್ಲ, ಹೆಂಡತಿಯನ್ನು ನಾಟಕಕ್ಕೆ ಹೋಗಬೇಡ ಅಂದವನೂ ಅಲ್ಲ. ಆದರೆ ಒಂದು ಸಲವೂ ನೋಡಲು ಬರಲಿಲ್ಲ. ಒಮ್ಮೆ ಕಂಡಕ್ಟರು ದಾರಿಯಲ್ಲಿ ಸಿಕ್ಕಿ, ನಿಮ್ಮೆಜಮಾನಿಯಿಲ್ಲದೆ ನಮ್ಮ ನಾಟಕವೇ ಇಲ್ಲ, ಬಂದು ನೋಡಿ ಎಂದು ಕರೆದಾಗ ಅವನು, "ಅವಳದ್ದು ಗೋಡೆ ಪಾರ್ಟು. ಗೋಡೆ ನೋಡೋಕೆ ಟಿಕೆಟ್ ಯಾಕೆ, ಮನೇಲೇ ಇದೆ," ಅಂದನಂತೆ. ಕಂಡಕ್ಟರು ಇದನ್ನು ತಮಾಷೆಯೆಂದು ಎಲ್ಲರಿಗೂ ಹೇಳಿದ. ಪಿಸಕ್ಕನೂ ನಕ್ಕಳು. ಮರುದಿನದಿಂದ ಕಂಡಕ್ಟರಿಗೆ ಮಾತ್ರ ಸಾಲು ಅರೆಗಳಿಗೆ ತಡವಾಗಿ ಬರತೊಡಗಿತು. ಅವನು ವಾರ ಕಳೆಯುವಷ್ಟರಲ್ಲಿ ಕೈ ಮುಗಿದ.

ಅವಳ ಹಾಡುವ ದನಿಯನ್ನು ತಕ್ಕಡಿಯವನು ಕೇಳಿದ್ದು ಪರಿಚಯವಾಗಿ ಹನ್ನೆರಡು ವರ್ಷಗಳ ಮೇಲೆ. ಆಟ ಮುಗಿದ ಮರುದಿನ ಅವನು ಮರೆತ ಕನ್ನಡಕ ತರಲು ಗೋದಾಮಿಗೆ ಹೋಗಿದ್ದ. ಒಳಗೆ ಯಾರೂ ಇಲ್ಲವೆಂದುಕೊಂಡು ಅವಳು ಪರದೆ ಮಡಿಸುತ್ತ ಹಾಡುತ್ತಿದ್ದಳು. ಮೇಷ್ಟ್ರು ತಂಡದ ಎರಡನೆಯ ನಾಟಕಕ್ಕೆ ಬರೆದಿದ್ದ ಸೂಜಿ ಮಾರುವವಳ ಹಾಡು:

ಸೂಜಿ ತಂದೆನಮ್ಮ, ದಾರ ತಂದೆನಮ್ಮ,
ಬೀದಿ ಬೀದಿ ಸುತ್ತಿ ಬಂದೆನಮ್ಮ;
ಹರಿದದ್ದು ತನ್ನಿ, ಹಳೆಯದು ತನ್ನಿ,
ಬಾಗಿಲ ಸಂದಿಯಿಂದಾದರೂ ಮಾತನಾಡಿ.

ಅದು ಇಂಪಾದ ಕಂಠವೇನಲ್ಲ. ಆಳದ ಬಾವಿಯಿಂದ ಹಗ್ಗ ಎಳೆಯುವಾಗಿನ ಕಿರುಗುಟ್ಟು ಅದರಲ್ಲಿತ್ತು. ಆದರೆ ಕೊಡ ತುಂಬಿಯೇ ಮೇಲೆ ಬರುತ್ತಿತ್ತು. ಬಾಗಿಲಲ್ಲಿ ನಿಂತ ಅವನಿಗೆ ಕನ್ನಡಕ ಮರೆತೇಹೋಯಿತು. ಅವನನ್ನು ಕಂಡು ಅವಳು ಬಾಯಿ ಮುಚ್ಚಿಕೊಂಡಳು. ಆಮೇಲೆ, ಅವನು ಕೇಳದೆಯೇ, ಪರದೆಯ ಅಂಚು ಸರಿಮಾಡುತ್ತ ಹೇಳಿದಳು:

"ಒಂದ್ಸಲ ಆ ಕಡೆ ನಿಂತು ಹಾಡ್ಬೇಕು ಅಂತ ಇದೆ. ಒಂದೇ ಸಲ. ನಮ್ಮನೆಯವರಿಗೆ ಕೇಳೋ ಹಾಗೆ."

ಅದಾದ ಮೇಲೆ ಆರು ವರ್ಷ ಅವಳು ಆ ಮಾತು ಎತ್ತಲಿಲ್ಲ. ಅವನು ಮರೆಯಲೂ ಇಲ್ಲ.

ಕಳೆದ ವರ್ಷ ಗೋದಾಮಿನ ಮಾಲೀಕ ಅದನ್ನು ಟೈರು ವ್ಯಾಪಾರಿಗೆ ಕೊಡುವುದೆಂದು ತೀರ್ಮಾನಿಸಿದ. ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಬೇರೆ ಜಾಗ ಸಿಗುವ ಮಾತಿರಲಿಲ್ಲ. ಮೇಷ್ಟ್ರಿಗೂ ವಯಸ್ಸಾಗಿತ್ತು, ಕೈ ನಡುಗಿ ಗೆರೆ ನೇರ ಬರುತ್ತಿರಲಿಲ್ಲ. ಎಲ್ಲರೂ ಕೂತು, ಕೊನೆಯ ಆಟವಾಗಿ ಇಷ್ಟು ವರ್ಷದ ಇಪ್ಪತ್ತು ನಾಟಕಗಳಿಂದ ಇಪ್ಪತ್ತು ಹಾಡು ಆರಿಸಿ, ನಡುನಡುವೆ ಕುಣಿತ, ನಗೆಯ ತುಣುಕು ಪೋಣಿಸಿ ಒಂದು ಹಾಡಿನ ಸಂಜೆ ಮಾಡುವುದು, ಆಮೇಲೆ ತಂಡ ಮುಚ್ಚುವುದು ಎಂದು ಒಪ್ಪಿಕೊಂಡರು. ಪಿಸಕ್ಕನ ಆಸೆಗೆ ಇನ್ನು ಒಂದೇ ಒಂದು ಸಂಜೆ ಉಳಿದಿತ್ತು.

ಸೂಜಿಯ ಹಾಡನ್ನು ಅವಳಿಗೆ ಕೊಡಿ ಎಂದು ತಕ್ಕಡಿಯವನು ಮೇಷ್ಟ್ರ ಬೆನ್ನು ಬಿದ್ದ. ಅವನು ಜನ್ಮದಲ್ಲಿ ಯಾರಿಗೂ ಎದುರು ಮಾತಾಡಿದವನಲ್ಲ. ಅವನ ದನಿ ಕೊಂಚ ಕಪ್ಪೆಯದು, ಹುಡುಗನಾಗಿದ್ದಾಗ ಶಾಲೆಯಲ್ಲಿ ಪದ್ಯ ಓದಲು ನಿಲ್ಲಿಸಿದಾಗ ತರಗತಿಯೆಲ್ಲ ವಟಗುಟ್ಟಿ ಅಣಕಿಸಿತ್ತು. ಅಂದಿನಿಂದ ನಾಲ್ಕು ಜನರ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಹಾರ್ಮೋನಿಯಂ ಕಲಿತದ್ದೂ ಅದಕ್ಕೇ. ಅಂಥವನು ಮೂರು ಭಾನುವಾರ ಬಿಡದೆ ಕೇಳಿದ. ಮೇಷ್ಟ್ರು ಅವಳು ಹಾಡಬಲ್ಲಳೇ ಎಂದು ಕೇಳಲಿಲ್ಲ. ಅವರ ಚಿಂತೆಯೇ ಬೇರೆ.

"ಅವಳು ಹಾಡೋಕೆ ನಿಂತ್ರೆ ಸಾಲು ಕೊಡೋರು ಯಾರಯ್ಯ?"

"ಒಂದು ಹಾಡಿಗೆ ಏನಾಗುತ್ತೆ ಮೇಷ್ಟ್ರೆ. ಆ ಹಾಡಲ್ಲಿ ಬೇರೆ ಯಾರೂ ಇಲ್ಲ. ಅವಳೊಬ್ಬಳೇ. ಅವಳಿಗೆ ಎಲ್ಲಾ ಬರುತ್ತೆ."

ಅವನ ಈ ಮಾತು ಎಲ್ಲರಿಗೂ ಸರಿಯೆನಿಸಿತು. ಇಪ್ಪತ್ತು ನಾಟಕ ಕಂಠಪಾಠವಿದ್ದವಳಿಗೆ ಸಾಲು ಕೊಡುವುದೇ? ಮೀನಿಗೆ ಈಜು ಕಲಿಸಿದ ಹಾಗೆ. ಆ ಹಾಡು ಮೊದಲಿನಿಂದ ಅಂಚೆ ಕಚೇರಿಯವಳದ್ದು. ಸದಾ ರಾಣಿಯ ಪಾತ್ರ ಮಾಡಿ ಮಾಡಿ ಅವಳನ್ನು ರಾಣಿ ಅಂತಲೇ ಕರೆಯುತ್ತಿದ್ದರು. ಅಂಚೆ ಚೀಟಿ ಕೊಡುವಾಗಲೂ ದಾನ ಕೊಟ್ಟ ಹಾಗೆ ಕೊಡುತ್ತಾಳೆ ಎಂದು ಊರು ಆಡಿಕೊಳ್ಳುತ್ತಿತ್ತು. ಎರಡು ದಿನ ಮುಖ ಊದಿಸಿದ ಅವಳು ಮೂರನೆಯ ದಿನ, "ತಗೊಳ್ಳಲಿ ಬಿಡಿ. ಹದಿನೆಂಟು ವರ್ಷ ನನ್ನ ಬಾಯಿಗೆ ತುತ್ತು ಇಟ್ಟವಳು," ಎಂದು ತನ್ನ ಕೆಂಪು ಶಾಲನ್ನೂ ತಂದುಕೊಟ್ಟಳು.

ಪಿಸಕ್ಕನಿಗೆ ಈ ಸುದ್ದಿ ಹೇಳಲು ಅವನು ಆಸ್ಪತ್ರೆಯ ಬಟ್ಟೆ ಕೋಣೆಗೇ ಹೋದ. ನೆಲಮಾಳಿಗೆಯ ಉದ್ದ ಕೋಣೆ, ಹಬೆಯಿಂದ ಮಬ್ಬಾದ ಕಿಟಕಿಗಳು. ಒಗೆದು ಬಂದ ಬಿಳಿ ಬಟ್ಟೆಯನ್ನು ಇಬ್ಬಿಬ್ಬರು ಎರಡು ತುದಿ ಹಿಡಿದು, ಎಳೆದು, ಒಬ್ಬರ ಕಡೆ ಒಬ್ಬರು ನಡೆದು ಮಡಿಸುತ್ತಿದ್ದರು. ಅವನ ಮಾತು ಕೇಳಿ ಅವಳು ಹಿಡಿದ ತುದಿ ಬಿಟ್ಟಳು. ಎದುರಿನವಳು ಹಿಂದಕ್ಕೆ ವಾಲಿ ಬೀಳುವುದರಲ್ಲಿದ್ದಳು. ಉಳಿದ ಆರು ಹೆಂಗಸರು ಏನು ಏನು ಎಂದು ಬಂದು, ತಿಳಿದ ಮೇಲೆ ಪಾಳಿ ಬದಲಿಸಿಕೊಂಡು ಎಲ್ಲರೂ ಬರುವುದೆಂದು ಅಲ್ಲೇ ನಿಶ್ಚಯ ಮಾಡಿದರು. ಪಿಸಕ್ಕ ಮಾತ್ರ ಒಂದೇ ಕೇಳಿದಳು, ಮುಂದಿನ ಕಡೆ ಒಂದು ಕುರ್ಚಿ ಯಜಮಾನರಿಗೆ ಹಿಡಿದಿಡಲು ಆಗುತ್ತದೆಯೇ ಎಂದು. ಅವನು ಮೂರನೆಯ ಸಾಲಿನ ನಡುವಿನ ಕುರ್ಚಿಗೆ ಅಂದೇ ಗುರುತು ಹಾಕಿಸಿದ.

ತಾಲೀಮು ಅವನ ಅಂಗಡಿಯಲ್ಲಿ ನಡೆಯಿತು. ಗೋದಾಮಿನಲ್ಲಿ ಉಳಿದ ಹತ್ತೊಂಬತ್ತು ಹಾಡುಗಳ ಗದ್ದಲ; ಅಲ್ಲಿ ಅವಳು ಸಾಲು ಕೊಡಬೇಕು, ಹಾಡಲು ಪುರುಸೊತ್ತೆಲ್ಲಿ. ಹಾಗಾಗಿ ನಾಲ್ಕು ವಾರ, ವಾರಕ್ಕೆ ಮೂರು ಸಂಜೆ, ಪಾಳಿ ಮುಗಿಸಿ ಅವಳು ಅಂಗಡಿಗೆ ಬರುತ್ತಿದ್ದಳು. ಅವನು ಮೊಣಕಾಲ ಮೇಲೆ ಪುಟ್ಟ ಹಾರ್ಮೋನಿಯಂ ಇಟ್ಟುಕೊಂಡು ಕೂರುತ್ತಿದ್ದ. ಅವಳು ಮೂಟೆ ತೂಗುವ ಯಂತ್ರದ ಹಲಗೆಯ ಮೇಲೆ ನಿಲ್ಲುತ್ತಿದ್ದಳು, ಅದೇ ವೇದಿಕೆಯೆಂದುಕೊಂಡು. ದನಿ ಎತ್ತಿದಾಗ ಯಂತ್ರದ ಮುಳ್ಳು ಕೊಂಚ ಅಲುಗುತ್ತಿತ್ತು. ಹಾಡಿದರೆ ತೂಕ ಕಮ್ಮಿಯಾಗುತ್ತೆ ನೋಡಿ ಎಂದು ಅವನು ನಗುತ್ತಿದ್ದ. ಒಂದು ಸಂಜೆ ಅವನ ಅಕ್ಕ ಒಲೆಯ ಮೇಲೆ ಹಾಲಿಟ್ಟು, ಹಾಲು ಉಕ್ಕಿ ಒಲೆ ಆರಿದ್ದೂ ತಿಳಿಯದೆ ಬಾಗಿಲಲ್ಲಿ ನಿಂತು ಕೇಳಿದಳು. ಅವಳಿಂದ ಹೊಗಳಿಕೆ ಬಂದದ್ದು ಅದೊಂದೇ ಸಲ: "ಇಷ್ಟು ದಿನ ಇದನ್ನ ಎಲ್ಲಿ ಬಚ್ಚಿಟ್ಟಿದ್ಯೆ ತಾಯಿ?"

ಆ ನಾಲ್ಕು ವಾರ ಪಿಸಕ್ಕನ ನಡಿಗೆಯೇ ಬದಲಾಗಿತ್ತು. ಹೆಜ್ಜೆಯ ಸದ್ದು ಕೇಳಿಸುತ್ತಿತ್ತು.

ಅಂಗಡಿಯ ಆ ತಾಲೀಮುಗಳಲ್ಲಿ ತಾನೇನು ಮಾಡುತ್ತಿದ್ದೇನೆ ಎಂಬುದು ತಕ್ಕಡಿಯವನಿಗೆ ಹೊಳೆಯಲೇ ಇಲ್ಲ. ಪ್ರತಿ ಸಾಲಿಗೂ ಮುಂಚೆ, ಸ್ವರ ಹಿಡಿಯುತ್ತ, ಅವನು ಬಾಯೊಳಗೇ ಆ ಸಾಲಿನ ಮೊದಲ ಮಾತು ಆಡುತ್ತಿದ್ದ. ಸೂಜಿ ತಂದೆ. ಬೀದಿ ಬೀದಿ. ಹರಿದದ್ದು. ಬಾಗಿಲ ಸಂದಿ. ಪಿಸುಮಾತಿಲ್ಲದೆ ಅವನ ಬೆರಳು ಏಳುತ್ತಿರಲಿಲ್ಲವಲ್ಲ, ಅದಕ್ಕೆ ತನಗೆ ತಾನೇ ಹೇಳಿಕೊಳ್ಳುತ್ತಿದ್ದ. ಅವಳು ಅದನ್ನು ಕೇಳಿ, ಹಿಡಿದು, ಹಾಡುತ್ತಿದ್ದಳು. ಅವಳಿಗೂ ಅದು ಗೊತ್ತಾಗಲಿಲ್ಲ. ಆ ಅಂಗಡಿಯಲ್ಲಿ ಯಾರೂ ಸಾಲು ಕೊಡದೆ ಹಾಡು ಹುಟ್ಟಿದ್ದೇ ಇಲ್ಲ ಎನ್ನುವುದನ್ನು ಯಾರೂ ಗಮನಿಸಲಿಲ್ಲ.

ಆಟದ ದಿನ ಗೋದಾಮು ಕಿಕ್ಕಿರಿದಿತ್ತು. ಕೊನೆಯ ಆಟವೆಂದು ಎಂದೂ ಬಾರದವರೂ ಬಂದಿದ್ದರು. ವೇದಿಕೆಗೆ ಆ ತಂಡ ಯಾವತ್ತೂ ಮೈಕು ಇಟ್ಟಿರಲಿಲ್ಲ. ಹಾಡುವವರು ಎದೆಯಿಂದ ಹಾಡಬೇಕು ಎಂಬುದು ಮೇಷ್ಟ್ರ ಹಟ. ಆದರೆ ಅಷ್ಟು ಜನರ ನಡುವೆ ಹಾರ್ಮೋನಿಯಂ ಹಿಂದಿನವರಿಗೆ ಕೇಳುವುದಿಲ್ಲವೆಂದು ಅದರ ಮುಂದೆ ಮಾತ್ರ ಒಂದು ಮೈಕು ನಿಲ್ಲಿಸಿದರು. ಮೇಷ್ಟ್ರು ಬಂದು ತಕ್ಕಡಿಯವನಿಗೆ ಎಚ್ಚರಿಕೆ ಹೇಳಿದರು, "ಬಾಯಿ ತೆಗೆದೀಯ, ಹುಷಾರು. ನೀನು ಉಸಿರು ಬಿಟ್ಟರೂ ಊರಿಗೆಲ್ಲ ಕೇಳುತ್ತೆ." ಅವನು ತುಟಿ ಬಿಗಿದುಕೊಂಡ.

ಮೂರನೆಯ ಸಾಲಿನ ನಡುವಿನ ಕುರ್ಚಿಯಲ್ಲಿ ಪಿಸಕ್ಕನ ಗಂಡ ಕುಳಿತಿದ್ದ. ಗಡ್ಡ ಹೊಸದಾಗಿ ಹೆರೆದಿತ್ತು, ಇಸ್ತ್ರಿ ಮಾಡಿದ ಹೊಸ ಅಂಗಿಯ ಗುಂಡಿ ಕತ್ತಿನವರೆಗೂ ಹಾಕಿದ್ದ. ಗ್ರೀಸ್ ಹೋಗದ ಉಗುರು ಕಾಣದಂತೆ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ. ಅವನ ಹಿಂದೆ ಬಟ್ಟೆ ಕೋಣೆಯ ಏಳು ಹೆಂಗಸರು.

ಹನ್ನೊಂದು ಹಾಡು ಸಲೀಸಾಗಿ ಹೋದವು. ಬೇಕರಿಯವನು ಹೊಟ್ಟೆ ಕುಣಿಸಿ ನಗಿಸಿದ. ಎಡಗಡೆಯ ಪರದೆಯ ಮರೆಯಿಂದ ಪಿಸಕ್ಕ ಒಂದೊಂದೇ ಸಾಲು ಕೊಡುತ್ತಿದ್ದಳು. ಹನ್ನೊಂದನೆಯದು ಮುಗಿದಾಗ ಅವಳು ನೋಟ್ ಪುಸ್ತಕವನ್ನು ಸ್ಟೂಲಿನ ಮೇಲಿಟ್ಟು, ಕೆಂಪು ಶಾಲು ಹೊದ್ದು, ಸೂಜಿಯ ಬುಟ್ಟಿ ಹಿಡಿದು, ಹದಿನೆಂಟು ವರ್ಷ ದಾಟದ ಮೂರು ಹೆಜ್ಜೆ ದಾಟಿ ಬೆಳಕಿಗೆ ಬಂದಳು.

ತಕ್ಕಡಿಯವನು ಹಾಡಿನ ಮುಂಚಿನ ತುಣುಕು ನುಡಿಸಿದ. ಅವಳು ಗದ್ದ ಎತ್ತಿ ನಿಂತಿದ್ದಳು. ತುಣುಕು ಮುಗಿಯಿತು. ಅವಳು ಹಾಡಲಿಲ್ಲ. ಅವನು ಮತ್ತೊಮ್ಮೆ ನುಡಿಸಿದ. ಅವಳು ಅವನ ಕಡೆ ನೋಡಿದಳು. ಅವನ ತುಟಿ ಬಿಗಿದೇ ಇತ್ತು. ಆಮೇಲೆ ಎಡಗಡೆಗೆ, ಪರದೆಯ ಮರೆಗೆ ತಿರುಗಿದಳು. ಅಲ್ಲಿ ಸ್ಟೂಲು, ಅದರ ಮೇಲೆ ಪುಸ್ತಕ. ಯಾರೂ ಇರಲಿಲ್ಲ. ರಾಣಿ ಮುಂದಿನ ಹಾಡಿಗೆ ಉಡುಪು ಬದಲಿಸಲು ಹೋಗಿದ್ದಳು, ಮೇಷ್ಟ್ರು ಬೆಳಕಿನವನ ಹತ್ತಿರ ಇದ್ದರು.

ವೇದಿಕೆಯ ಮೇಲೆ ನಿಂತವರು ಸುಮ್ಮನಾದರೆ ಪಿಸಕ್ಕ ಏನು ಮಾಡುವಳೋ ಅದನ್ನೇ ಮಾಡಿದಳು. ಸಾಲು ಕೊಟ್ಟಳು. ಸೂಜಿ ತಂದೆನಮ್ಮ, ದಾರ ತಂದೆನಮ್ಮ. ಅದೇ ಉಸಿರು, ವೇದಿಕೆ ದಾಟದ್ದು. ಕೊಟ್ಟು ಬಾಯಿ ಮುಚ್ಚಿ, ತಲೆಯೆತ್ತಿ, ಆಡುವವರು ಹಿಡಿದುಕೊಳ್ಳಲಿ ಎಂದು ಕಾದಳು.

ಪಿಸುಮಾತು ಕಿವಿಗೆ ಬಿದ್ದದ್ದೇ ತಕ್ಕಡಿಯವನ ಬೆರಳು ತಾನಾಗಿ ಮುಂದಿನ ಸ್ವರಕ್ಕೆ ಹೋಯಿತು. ಹಾರ್ಮೋನಿಯಂ ಮೊದಲ ಸಾಲನ್ನು ಪೂರ್ತಿ ನುಡಿಸಿತು. ಸಾಲು ಮುಗಿಯುತ್ತಲೇ ಅವಳು ಎರಡನೆಯದು ಕೊಟ್ಟಳು. ಅವನು ಅದನ್ನೂ ನುಡಿಸಿದ. ಗೋದಾಮು ತುಂಬ ವಾದ್ಯ ಮಾತ್ರ, ಹಾಡಿಲ್ಲ. ಕೆಂಪು ಶಾಲಿನ ಹೆಂಗಸೊಬ್ಬಳು ತುಟಿ ಅಲ್ಲಾಡಿಸುತ್ತಿದ್ದಾಳೆ. ಮೈಕು ಕೆಟ್ಟಿದೆ ಎಂದು ಹಿಂದಿನಿಂದ ಯಾರೋ ಕೂಗಿದರು. ಜೋರಾಗಿ ಎಂದರು ಇನ್ನೊಬ್ಬರು. ಒಂದು ಮೂಲೆಯಲ್ಲಿ ನಗು ಎದ್ದಿತು. ಇದೂ ನಗೆಯ ತುಣುಕೇ ಇರಬೇಕೆಂದು ಅದು ಹರಡಿತು.

ಹಾಡಿನ ಮೂರನೆಯ ಸಾಲಿಗೆ ತಕ್ಕಡಿಯವನಿಗೆ ಎಲ್ಲ ಅರ್ಥವಾಯಿತು. ಅವಳಿಗೆ ಸಾಲು ಕೊಡುವವರು ಬೇಕಾಗಿತ್ತು. ಇಷ್ಟು ದಿನ ಅವನೇ ಕೊಡುತ್ತಿದ್ದ. ಈಗಲೂ ಬಾಯಿ ತೆರೆದು 'ಹರಿದದ್ದು' ಎಂದರೆ ಸಾಕು, ಅವಳು ಹಿಡಿದುಕೊಂಡು ಹಾಡಿಬಿಡುತ್ತಾಳೆ. ಅವನು ಬಾಯಿ ತೆರೆದ. ಮುಂದೆ ಮೈಕು ಇತ್ತು. ಕಪ್ಪೆಯ ದನಿ ಇಷ್ಟು ಜನರ ನಡುವೆ ಹೇಗೆ ಮೊಳಗುತ್ತದೆ ಎಂಬುದು ಅವನ ಕಣ್ಣ ಮುಂದೆ ಬಂತು. ಶಾಲೆಯ ಆ ತರಗತಿ ಬಂತು. ಕ್ಷಣಮಾತ್ರ. ಅವನು ಬಾಯಿ ಮುಚ್ಚಿದ. ಕಾಲು ಒತ್ತುತ್ತಲೇ ಇತ್ತು, ಬೆರಳು ನಡೆಯುತ್ತಲೇ ಇತ್ತು. ನಾಲ್ಕು ಸಾಲು ಮುಗಿದು, ಹಾಡು ರೂಢಿಯಂತೆ ಮೊದಲಿಗೆ ತಿರುಗಿ, ಇನ್ನೊಮ್ಮೆ ನಾಲ್ಕು ಸಾಲು ನಡೆಯಿತು. ಅವಳು ಎಂಟು ಸಲ ಸಾಲು ಕೊಟ್ಟಳು, ಎಂಟು ಸಲ ಕಾದಳು. ಒಂದೂ ತಪ್ಪಲಿಲ್ಲ.

ಹಾಡು ಮುಗಿದಾಗ ಜನ ಚಪ್ಪಾಳೆ ತಟ್ಟಿದರು, ನಗುತ್ತ. ಅವಳು ಮೂರು ಹೆಜ್ಜೆ ಹಿಂದಕ್ಕೆ ನಡೆದು, ಪುಸ್ತಕ ಎತ್ತಿಕೊಂಡು, ಶಾಲು ತೆಗೆಯದೆ, ಮುಂದೆ ಬಂದ ರಾಣಿಗೆ ಹದಿಮೂರನೆಯ ಹಾಡಿನ ಮೊದಲ ಸಾಲು ಕೊಟ್ಟಳು. ಉಳಿದ ಎಂಟೂ ಹಾಡುಗಳಲ್ಲಿ ಯಾರೊಬ್ಬರೂ ಒಂದು ಮಾತು ಮುಗ್ಗರಿಸಲಿಲ್ಲ. ತಂಡದ ಚರಿತ್ರೆಯಲ್ಲೇ ಅಷ್ಟು ಚೊಕ್ಕವಾದ ಆಟ ಆಗಿರಲಿಲ್ಲವೆಂದು ಮೇಷ್ಟ್ರು ಕಣ್ಣೀರು ಹಾಕಿದರು. ಹನ್ನೆರಡನೆಯದರಲ್ಲಿ ಏನೋ ಎಡವಟ್ಟಾಯಿತಲ್ಲ, ಏನಾಯಿತು ಎಂದು ಆಮೇಲೆ ನೆನಪಾಗಿ ಕೇಳಿದರು.

ಹೊರಗೆ ಬಾಗಿಲ ಹತ್ತಿರ ಬಟ್ಟೆ ಕೋಣೆಯ ಹೆಂಗಸರು ಅವಳನ್ನು ಸುತ್ತುವರಿದಿದ್ದರು. ಶಾಲು ನಿನಗೆ ಒಪ್ಪುತ್ತೆ ಕಣೆ ಎಂದಳು ಒಬ್ಬಳು. ಗಂಡ ಸ್ವಲ್ಪ ದೂರದಲ್ಲಿ ನಿಂತಿದ್ದ. ತಕ್ಕಡಿಯವನು ಅವರ ಹಿಂದೆಯೇ ಹೊರಬಂದಿದ್ದರಿಂದ ಗಂಡನ ಮಾತು ಕೇಳಿಸಿತು. ಅದರಲ್ಲಿ ವ್ಯಂಗ್ಯವಿರಲಿಲ್ಲ, ಸಿಟ್ಟೂ ಇರಲಿಲ್ಲ. ನಿಜವಾಗಿಯೂ ತಿಳಿಯದವನ ಹಾಗೆ ಕೇಳಿದ:

"ಕೊನೇವರೆಗೂ ಕೂತಿದ್ದೆ. ನೀನು ಯಾವಾಗ ಹಾಡ್ದೆ?"

ಇಬ್ಬರೂ ಬಸ್ಸಿಗೆ ನಡೆದರು.

ಮರುದಿನ ತಕ್ಕಡಿಯವನು ಅಂಗಡಿ ತೆರೆಯಲಿಲ್ಲ. ಅಕ್ಕ ಕಾರಣ ಕೇಳಿದಾಗ ಎಲ್ಲವನ್ನೂ ಹೇಳಿದ, ಬಾಯಿ ತೆರೆದು ಮುಚ್ಚಿದ್ದನ್ನೂ. ಸಮಾಧಾನದ ಮಾತು ಬಂದೀತೆಂದು ಕಾದ. ಅವಳು, "ಗುಲಗಂಜಿ ತೂಕ ಹೆಚ್ಚುಕಮ್ಮಿ ಆದ್ರೂ ಹಿಡೀತೀಯ. ಅವಳು ಆರು ವರ್ಷದಿಂದ ಹೊತ್ತಿದ್ದು ಎಷ್ಟು ಭಾರ ಅಂತ ನಿಂಗೆ ಗೊತ್ತಾಗ್ಲಿಲ್ಲ," ಎಂದು ಒಳಗೆ ಹೋದಳು.

ಮೂರನೆಯ ದಿನ ಅವನು ಆಸ್ಪತ್ರೆಯ ನೆಲಮಾಳಿಗೆಗೆ ಹೋದ. ಅವಳು ಎದುರಿನವಳ ಜೊತೆ ಬಟ್ಟೆಯ ತುದಿ ಹಿಡಿದಿದ್ದಳು. ಈ ಸಲ ತುದಿ ಬಿಡಲಿಲ್ಲ, ಮಡಿಸಿ ಮುಗಿಸಿ ಬಂದಳು. ಹಬೆಯ ಸದ್ದಿನಲ್ಲಿ ಅವನು ತಾಲೀಮಿನಲ್ಲಿ ತಾನು ಮಾಡುತ್ತಿದ್ದದ್ದನ್ನು ಹೇಳಿದ, ಮೈಕಿಗೆ ಹೆದರಿದ್ದನ್ನು ಹೇಳಿದ. ತಪ್ಪು ನನ್ನದು, ಯಜಮಾನರಿಗೆ ನಾನೇ ಬಂದು ಹೇಳುತ್ತೇನೆ, ಅಂಗಡಿಗೆ ಕರೆದುಕೊಂಡು ಬನ್ನಿ, ಅಲ್ಲೇ ಹಾಡಿ, ನಾನು ಸಾಲು ಕೊಡುತ್ತೇನೆ ಎಂದ. ಹೇಳುತ್ತಿದ್ದಂತೆ ಅವನಿಗೇ ಅದು ಚಿಕ್ಕ ಮಕ್ಕಳಿಗೆ ಆಸೆ ತೋರಿಸಿದ ಹಾಗೆ ಕೇಳಿಸಿತು.

ಪಿಸಕ್ಕ ಹೆಬ್ಬೆರಳಿನ ನೀಲಿ ಕಲೆಯನ್ನು ತೋರುಬೆರಳಿನಿಂದ ತಿಕ್ಕುತ್ತ ಕೇಳಿಸಿಕೊಂಡಳು. ಆಮೇಲೆ ಹೇಳಿದಳು:

"ನಿಮ್ಮ ತಪ್ಪೇನಿಲ್ಲ. ನಾನು ಬೆಳಕಲ್ಲಿ ನಿಂತು ನೋಡಿದ್ನಲ್ಲ, ಆ ಕಡೆ ಯಾರೂ ಇರ್ಲಿಲ್ಲ. ಆಗ ಗೊತ್ತಾಯ್ತು. ಹಾಡೋಳು ಇದ್ದಾಳೆ ಅಂತ ನಾನೂ ಕಾದೆ. ಅವಳು ಬರ್ಲಿಲ್ಲ."

"ಅವಳು ಇದ್ದಾಳೆ. ನಾನು ಕೇಳಿದೀನಿ."

"ನೀವು ಕೇಳಿದೀರಿ," ಎಂದಳು ಅವಳು. "ಸಾಕು ಬಿಡಿ. ಅವರು ಆವತ್ತು ಹೊಸ ಅಂಗಿ ಹಾಕ್ಕೊಂಡಿದ್ರು. ಇನ್ನೊಂದ್ಸಲ ಹಾಕ್ಕೊಳ್ಳಿ ಅಂತ ಕೇಳೋಕೆ ನನ್ನ ಕೈಲಾಗಲ್ಲ."

ಮಡಿಸಬೇಕಾದ ಬಟ್ಟೆಯ ಗಾಡಿ ಬಂತು. ಅವಳು ಹೋದಳು.

ಗೋದಾಮಿನಲ್ಲಿ ಈಗ ಟೈರುಗಳು ತುಂಬಿವೆ. ಹೊಸಿಲು ದಾಟುವ ಮೊದಲೇ ರಬ್ಬರಿನ ವಾಸನೆ ಹೊಡೆಯುತ್ತದೆ. ಮೊಹರಿನ ಚಂದ್ರನಿದ್ದ ಪರದೆಯನ್ನು ವ್ಯಾಪಾರಿಯ ಲಾರಿಯವರು ಎಣ್ಣೆ ಒರೆಸಲು ಹರಿದುಕೊಂಡರು. ಕಾಲಲ್ಲಿ ಒತ್ತುವ ಹಾರ್ಮೋನಿಯಂ ತಕ್ಕಡಿಯವನ ಅಂಗಡಿಯ ಮೂಲೆಯಲ್ಲಿದೆ, ಅದರ ಮೇಲೆ ಬಟ್ಟುಗಳ ಪೆಟ್ಟಿಗೆ. ಕೆಲವು ಸಂಜೆ ಅವನು ಬಾಗಿಲು ಎಳೆದುಕೊಂಡು, 'ಹರಿದದ್ದು ತನ್ನಿ' ಎಂದು ಗಟ್ಟಿಯಾಗಿ ಹೇಳಿ ನೋಡುತ್ತಾನೆ. ದನಿ ಅಷ್ಟೇನೂ ಕೆಟ್ಟದಾಗಿಲ್ಲ. ಅದೇ ಅವನಿಗೆ ಸಹಿಸಲಾಗುವುದಿಲ್ಲ.

ಪಿಸಕ್ಕ ದೊಡ್ಡಾಸ್ಪತ್ರೆಯ ಬಟ್ಟೆ ಕೋಣೆಯಲ್ಲಿ ಬೆಳಗಿನ ಪಾಳಿ ಮಾಡುತ್ತಾಳೆ. ಮೊದಲಿನ ಹಾಗೆ ಎದುರು ನಿಂತು ಮಡಿಸುವ ಕೆಲಸ ಬೇಡವೆಂದು ಕೇಳಿಕೊಂಡು, ಒಬ್ಬಳೇ ಮೇಜಿನ ಹತ್ತಿರ ಕುಳಿತು, ಹೊಸ ಬಟ್ಟೆಗಳಿಗೆ ಮೊಹರು ಒತ್ತುತ್ತಾಳೆ.